ಬಾಗಿಲಾಚೆಯ ದ್ವಾರಪಾಲಕ

ವುಲ್ಮರನ ಎಡಗಾಲಿನ ಮೆಟ್ಟಿನೊಳಗೆ ಒಂದು ಹರಳು ಸೇರಿಕೊಂಡದ್ದೇ ಎಲ್ಲಕ್ಕೂ ಮೂಲವಾಯಿತು. ಬ್ರಾಕ್‌ವಿಕ್ ಕೋಟೆಯ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಮೆಟ್ಟು ಕಳಚಿ, ತಲೆಕೆಳಗು ಮಾಡಿ ಜೋರಾಗಿ ಕೊಡವಿದ. ಹರಳು ಮೆಟ್ಟಿನಲ್ಲೇ ಉಳಿಯಿತು. ಮೆಟ್ಟು ಕೈಯಿಂದ ಜಾರಿ ಕೋಟೆಯಾಚೆಯ ಕಂದಕಕ್ಕೆ ಬಿತ್ತು.

ಬೇರೆ ದಿನವಾಗಿದ್ದರೆ ಹೋದರೆ ಹೋಗಲಿ ಎನ್ನುತ್ತಿದ್ದನೇನೋ. ಆದರೆ ಅಂದು ಮಧ್ಯಾಹ್ನ ಅವನು ಹೊಳೆದಂಡೆಯ ಗುನಿಲ್ಡಳ ಮನೆಗೆ ಹೋಗಬೇಕಿತ್ತು. ಗುನಿಲ್ಡ ಗಂಡ ತೀರಿಹೋದ ಮೇಲೆ ಒಬ್ಬಳೇ ಬಿಯರು ಕಾಯಿಸಿ ಮಾರಿ ಬದುಕು ಕಟ್ಟಿಕೊಂಡ ಹೆಂಗಸು. ತೋಳು ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ವುಲ್ಮರನನ್ನು ಮದುವೆಯಾಗಲು ಅವಳಿಗೆ ಇಷ್ಟವಿತ್ತು, ಅವನ ಚಾಕರಿ ಮಾತ್ರ ಇಷ್ಟವಿರಲಿಲ್ಲ.

“ನೋಡು ವುಲ್ಮರ್,” ಎಂದು ಕಳೆದ ಭಾನುವಾರ ಇಗರ್ಜಿಯ ಮುಂದೆ ಹೇಳಿದ್ದಳು. “ಕೋಟೆ ಚಾಕರಿ ಬಿಟ್ಟು ಬಾ, ಮದ್ವೆ ಆಗೋಣ. ಹಗಲೂ ರಾತ್ರಿ ಬಾಗ್ಲು ಹಿಂದೆ ಇರೋ ಗಂಡನ್ನ ಕಟ್ಕೊಂಡು ನಾನೇನು ಬಾಗ್ಲ ಸಂದೀಲಿ ಇಣುಕಿ ಸಂಸಾರ ಮಾಡ್ಲಾ? ಶುಕ್ರವಾರ ಮಧ್ಯಾಹ್ನ ಬಂದು ಒಂದು ಮಾತು ಹೇಳಿ ಹೋಗು.”

ವುಲ್ಮರನಿಗೂ ಸಾಕಾಗಿತ್ತು. ಮೀಸೆ ಮೂಡಿದಾಗಿನಿಂದ ಅವನು ಬ್ರಾಕ್‌ವಿಕ್ ಕೋಟೆಯ ಬಾಗಿಲು ಕಾಯುತ್ತಿದ್ದ. ಬಾಗಿಲು ತೆಗಿ, ಬಾಗಿಲು ಹಾಕು. ಸೇತುವೆ ಇಳಿಸು, ಸೇತುವೆ ಎತ್ತು. ಕನಸಿನಲ್ಲೂ ಅವನ ಕೈ ಸೇತುವೆಯ ಗಾಲಿ ತಿರುಗಿಸುತ್ತಿತ್ತು. ಕೋಟೆಯ ಒಡೆಯ ಸರ್ ವಾರಿನ್ ದಂಡಿನೊಡನೆ ದೂರ ಹೋಗಿದ್ದ. ಅವನು ಹಿಂದಿರುಗಿದ ಕೂಡಲೇ ಕಾಲಿಗೆ ಬಿದ್ದು, ಬಿಡುಗಡೆ ಕೇಳಿ, ಹೊಳೆದಂಡೆಗೆ ಹೋಗಿ ಬಿಯರಿನ ಹಂಡೆ ತಿರುವಿಕೊಂಡು ಸುಖವಾಗಿರುವುದು ವುಲ್ಮರನ ಎಣಿಕೆ. ಆ ಶುಭ ಮಾತು ಹೇಳಲು ಒಂದೇ ಮೆಟ್ಟಿನಲ್ಲಿ ಹೋಗುವುದು ಹೇಗೆ?

ಒಂದು ಮೆಟ್ಟಿಗಾಗಿ ಹೆಬ್ಬಾಗಿಲು ತೆಗೆಯುವಂತಿರಲಿಲ್ಲ. ಹಿಂಭಾಗದಲ್ಲಿ ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಒಂದು ದಿಡ್ಡಿ ಬಾಗಿಲಿತ್ತು. ವುಲ್ಮರ್ ಅದನ್ನು ತೆಗೆದು ಹೊರಗೆ ಬಂದ. ಗಾಳಿ ಬೀಸಿತು. ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಒಳಗಡೆ ಅಗಳಿ ಟಕ್ಕೆಂದು ಬಿದ್ದ ಸದ್ದು ಕೇಳಿಸಿತು. ಆ ಅಗಳಿಗೆ ಹಿಂದಿನ ದಿನವಷ್ಟೇ ಹಂದಿಯ ಕೊಬ್ಬು ಸವರಿ, ಬೆಣ್ಣೆಯಂತೆ ಜಾರುವ ಹಾಗೆ ಮಾಡಿದವನು ಅವನೇ.

ಗೋಡೆಯ ಮೇಲೆ ಬಿಲ್ಲುಗಾರ ತರ್ಕಿಲ್ ಪಹರೆಯಲ್ಲಿದ್ದ.

“ತರ್ಕಿಲ್! ಏ ತರ್ಕಿಲ್! ಬಾಗ್ಲು ತೆಗಿಯೋ!”

“ಯಾರದು?”

“ನಾನು ಕಣೋ, ವುಲ್ಮರ್!”

“ವುಲ್ಮರ್ ಅಂತ ಯಾರ್ ಬೇಕಾದ್ರೂ ಹೇಳ್ಬೋದು. ಇವತ್ತಿನ ಗುಟ್ಟಿನ ಮಾತು ಏನು, ಹೇಳು.”

ಇದು ವುಲ್ಮರನೇ ತಂದ ಕಟ್ಟಳೆ. ದಿನಾ ಬೆಳಿಗ್ಗೆ ಅವನೊಂದು ಗುಟ್ಟಿನ ಮಾತು ಇಡುತ್ತಿದ್ದ. ಅದನ್ನು ಹೇಳದವರು ಯಾರೇ ಆಗಲಿ, ಬಾಗಿಲಾಚೆಯೇ ಗತಿ. ಮೊನ್ನೆ ಅಡುಗೆಯ ಎಡ್ಮರ್ ಕೋಸು ತರಲು ಹೊರಗೆ ಹೋದವನು ಮಾತು ಮರೆತು ಬಂದಿದ್ದ. ಅವನು ಮಳೆಯಲ್ಲಿ ನಿಂತ ಹೊತ್ತು ಎಷ್ಟೆಂದರೆ, ಕೈಯಲ್ಲಿದ್ದ ಕೋಸು ಇನ್ನೇನು ಬೇರು ಬಿಡುವುದರಲ್ಲಿತ್ತು. ಇವತ್ತಾದರೋ ಮೆಟ್ಟಿನ ಗಲಾಟೆಯಲ್ಲಿ ವುಲ್ಮರ್ ಮಾತನ್ನೇ ಇಟ್ಟಿರಲಿಲ್ಲ.

“ಇವತ್ತಿನ ಮಾತು ಇನ್ನೂ ಇಟ್ಟೇ ಇಲ್ವಲ್ಲೋ!”

“ಮಾತೇ ಇಲ್ಲ ಅಂದ್ಮೇಲೆ ಒಳಗೆ ಬರೋದು ಹೆಂಗೆ? ಕಟ್ಟಳೆ ನಿಂದೇ ತಾನೆ?”

ಅಷ್ಟರಲ್ಲಿ ಎಡ್ಮರ್ ಕೈಯಲ್ಲಿ ಸೌಟು ಹಿಡಿದುಕೊಂಡೇ ಗೋಡೆ ಹತ್ತಿ ಬಂದ. ಹೊರಗೆ ನಿಂತ ವುಲ್ಮರನನ್ನು ನೋಡಿದ ಅವನ ಮುಖ ಈಸ್ಟರ್ ಹಬ್ಬದ ದಿನದಂತೆ ಅರಳಿತು.

“ಆವತ್ತು ನನ್ನ ಗಡ್ಡದಿಂದ ನೀರು ಧಾರಾಕಾರ ಇಳೀತಿತ್ತು. ನೀನು ಮೇಲೆ ಕೂತ್ಕೊಂಡು ರೊಟ್ಟಿ ಕಡೀತಿದ್ದೆ. ಈಗ ನಾನು ಹೋಗಿ ಗಂಜಿ ತಿರುವಿ ಬರ್ತೀನಿ. ನೀನು ಅಲ್ಲೇ ಆರಾಮಾಗಿ ಮೆಟ್ಟು ಹುಡುಕ್ತಿರು.”

“ಎಡ್ಮರ್, ನನ್ನಪ್ಪ, ತಮಾಷೆ ಸಾಕು. ಗುನಿಲ್ಡ ಕಾಯ್ತಿರ್ತಾಳೆ...”

“ಹೆಣ್ಣು ನೋಡೋಕೆ ಹೊರಟೋನಿಗೆ ಒಂದೇ ಮೆಟ್ಟಾ?” ಎಂದ ತರ್ಕಿಲ್. ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ಆ ನಗು ಅರ್ಧದಲ್ಲೇ ನಿಂತಿತು. ಹೊಳೆಯಾಚೆಯ ಕಾಡಿನಿಂದ ಕಾಗೆಗಳು ಒಮ್ಮೆಲೇ ಎದ್ದವು. ಅವುಗಳ ಹಿಂದೆಯೇ ಕುದುರೆಗಳು, ಈಟಿಗಳು, ಏಣಿ ಹೊತ್ತ ಜನ ಕಾಣಿಸಿಕೊಂಡರು.

ಆ ಕಾಲದಲ್ಲಿ ಇಂಗ್ಲೆಂಡಿನ ಒಂದು ಸಿಂಹಾಸನಕ್ಕೆ ಇಬ್ಬರು ಜಗಳವಾಡುತ್ತಿದ್ದರು, ಸ್ಟೀಫನ್ ರಾಜ ಮತ್ತು ಮಟಿಲ್ಡಾ ದೊರೆಸಾನಿ. ದೊಡ್ಡವರು ಇವತ್ತು ಈ ಕಡೆ, ನಾಳೆ ಆ ಕಡೆ. ಪಕ್ಕದ ಸೀಮೆಯವನು ಯಾರ ಪಕ್ಷ ಎಂದು ದಿನಾ ಬೆಳಿಗ್ಗೆ ಹೊಸದಾಗಿ ವಿಚಾರಿಸಬೇಕಿತ್ತು. ಸರ್ ವಾರಿನ್ ರಾಜನ ಕಡೆ. ನೆರೆಯ ಸರ್ ಪೇಯ್ನ್ ಕಳೆದ ಚಳಿಗಾಲದವರೆಗೂ ರಾಜನ ಕಡೆಯೇ ಇದ್ದು, ಹಿಮ ಕರಗುವ ಹೊತ್ತಿಗೆ ದೊರೆಸಾನಿಯ ಕಡೆಗೆ ಕರಗಿದ್ದ. ಎರಡೂ ಕಡೆಯ ಸಿಪಾಯಿಗಳು ಅದೇ ಸುತ್ತಿನ ಹಳ್ಳಿಯವರು. ಅದೇ ಮಾತು, ಅದೇ ತೇಪೆ ಹಾಕಿದ ತೊಗಲಂಗಿ. ದೊರೆಸಾನಿಯ ಕಡೆಯವರು ಟೊಪ್ಪಿಗೆಯಲ್ಲಿ ಹಳದಿ ಹೂವಿನ ಕಡ್ಡಿ ಸಿಕ್ಕಿಸಿಕೊಳ್ಳುತ್ತಿದ್ದರು. ವ್ಯತ್ಯಾಸ ಅಷ್ಟೇ.

ಕೋಟೆಯಲ್ಲಿ ಕೊಂಬು ಮೊಳಗಿತು. ಬೆಳಗಿನ ನಿದ್ದೆಯನ್ನು ಮಧ್ಯಾಹ್ನದವರೆಗೂ ಎಳೆದು ಮಲಗಿದ್ದ ಕಿಲ್ಲೇದಾರ ಫಲ್ಕ್ ಶಿರಸ್ತ್ರಾಣವನ್ನು ಹಿಂದು ಮುಂದಾಗಿ ಹಾಕಿಕೊಂಡು ಓಡಿಬಂದ. ತರ್ಕಿಲ್ ಈಗ ನಿಜವಾಗಿಯೂ ದಿಡ್ಡಿ ಬಾಗಿಲಿನತ್ತ ಓಡುತ್ತಿದ್ದ.

“ನಿಲ್ಲೋ! ಒಂದು ಬಾಗ್ಲೂ ತೆಗೀಕೂಡ್ದು! ಹೊರಗೆ ನಿಂತು ಅರಚ್ತಿರೋನು ಯಾವನು?”

“ನಮ್ಮ ವುಲ್ಮರ್, ಧಣಿ.”

“ವುಲ್ಮರ್ ಏನ್ ಕೆಲಸ ಮಾಡ್ತಾನೆ?”

“ಬಾಗ್ಲು ಕಾಯ್ತಾನೆ, ಧಣಿ.”

“ಬಾಗ್ಲು ಕಾಯೋನು ಎಲ್ಲಿರ್ತಾನೆ?”

“ಒಳಗೆ, ಧಣಿ.”

“ಹಂಗಾದ್ರೆ ಹೊರಗಿರೋನು ವುಲ್ಮರ್ ಹೆಂಗಾಗ್ತಾನೆ? ವೈರಿಯೋನು ವೇಷ ಹಾಕ್ಕೊಂಡು ಬಂದಿದಾನೆ. ಹೊಡಿ ಬಾಣ!”

ತರ್ಕಿಲ್ ತಲೆ ಕೆರೆದುಕೊಂಡ. ಕಿಲ್ಲೇದಾರನ ಮಾತಿನಲ್ಲಿ ಎಲ್ಲೋ ತಪ್ಪಿದೆ ಎಂದು ಅವನಿಗೆ ಗೊತ್ತಿತ್ತು. ಎಲ್ಲಿ ಎಂದು ಹುಡುಕುವಷ್ಟು ಹೊತ್ತಿರಲಿಲ್ಲ. ಬೇಕೆಂದೇ ಗುರಿ ತಪ್ಪಿಸಿ ಬಾಣ ಬಿಟ್ಟ. ಗುರಿ ತಪ್ಪಿಸುವುದರಲ್ಲೂ ಅವನ ಕೈ ಅಷ್ಟೇನೂ ಪಳಗಿರಲಿಲ್ಲವಾದ್ದರಿಂದ ಬಾಣ ವುಲ್ಮರನ ಕಿವಿಯ ಪಕ್ಕದಲ್ಲೇ ಗುಂಯ್ ಎಂದು ಹಾಡಿಕೊಂಡು ಹೋಯಿತು. ವುಲ್ಮರ್ ಓಡಿದ. ಒಂದು ಕಾಲಿಗೆ ಮೆಟ್ಟು, ಇನ್ನೊಂದು ಬರಿಗಾಲು. ಕುಂಟು ಬಾತುಕೋಳಿಯಂತೆ ಎತ್ತಿ ಹಾಕುತ್ತ ನೇರ ಗುನಿಲ್ಡಳ ಮನೆಗೇ ಹೋಗಿ ನಿಂತ.

ಅಲ್ಲಿ ಸರ್ ಪೇಯ್ನನ ದಂಡು ಆಗಲೇ ಬೆಂಚುಗಳ ಮೇಲೆ ಕೂತು ಬಿಯರು ಹೀರುತ್ತಿತ್ತು. ಕೋಟೆ ಎಲ್ಲೂ ಓಡಿ ಹೋಗುವುದಿಲ್ಲ, ಬಿಯರು ಮಾತ್ರ ಮುಗಿದುಹೋಗಬಹುದು ಎಂಬುದು ಅವರ ಲೆಕ್ಕಾಚಾರ. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ವುಲ್ಮರನ ಮೇಲೆ ಎಲ್ಲರ ಕಣ್ಣು ಬಿತ್ತು. ಗುನಿಲ್ಡ ಒಂದು ಕ್ಷಣವೂ ತಡವರಿಸಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಕೈ ಒರೆಸುವ ಬಟ್ಟೆ ಬಿಚ್ಚಿ ಅವನ ಮುಖದ ಮೇಲೆ ಎಸೆದಳು.

“ಎಲ್ಲಿ ಹಾಳಾಗಿ ಹೋಗಿದ್ದೆ? ಜನ ಬಾಯಾರಿ ಸಾಯ್ತಿದಾರೆ, ಹೂಜಿ ಎತ್ತು! ನನ್ನ ಕೆಲಸದಾಳು ಕಣ್ರಪ್ಪ. ಕಿವಿ ಸ್ವಲ್ಪ ಮಂದ. ತಲೆ ಇನ್ನೂ ಸ್ವಲ್ಪ ಮಂದ.”

ಹೂಜಿ ತುಂಬುವ ನೆಪದಲ್ಲಿ ಪೀಪಾಯಿಯ ಹಿಂದೆ ಬಗ್ಗಿದಾಗ ಅವಳು ಪಿಸುಗುಟ್ಟಿದಳು, “ಬರ್ತೀನಿ ಅಂದಿದ್ದೆ ಸರಿ. ಇಷ್ಟು ದೊಡ್ಡ ದಿಬ್ಬಣ ತರ್ತೀನಿ ಅಂದಿರ್ಲಿಲ್ವಲ್ಲ?”

“ಇವರು ನನ್ನ ಜೊತೆ ಬಂದೋರಲ್ಲ ಮಾರಾಯ್ತಿ!”

“ಅದಿರ್ಲಿ. ಚಾಕರಿ ಬಿಡ್ತೀಯೋ ಇಲ್ವೋ, ಅದನ್ ಹೇಳು.”

“ಬಿಟ್ಟಂಗೇ ಆಗಿದೆ. ಒಳಗೆ ಬಿಡ್ತಾನೇ ಇಲ್ಲ.”

ಗುನಿಲ್ಡಳಿಗೆ ನಗು ಬಂತು. ಆ ಕೆಟ್ಟ ಗಳಿಗೆಯಲ್ಲೂ ವುಲ್ಮರನಿಗೆ ಆ ನಗು ಕಂಡು ಎದೆ ತಣ್ಣಗಾಯಿತು. ಆದರೆ ಅದು ಹೆಚ್ಚು ಹೊತ್ತು ತಣ್ಣಗಿರಲಿಲ್ಲ. ದಂಡಿನ ನಾಯಕ ಗ್ಯಾಮೆಲ್ ಎಂಬ ಕೆಂಪು ಗಡ್ಡದವನು ಹೂಜಿ ಕೆಳಗಿಟ್ಟು ವುಲ್ಮರನ ಭುಜ ಹಿಡಿದು ಅಲ್ಲಾಡಿಸಿ ನೋಡಿದ, ಸಂತೆಯಲ್ಲಿ ಎತ್ತು ನೋಡುವ ಹಾಗೆ.

“ಎಂಥಾ ಭುಜ! ಇಂಥಾ ಆಳು ಬಿಯರು ಹಂಚ್ಕೊಂಡು ಕೂತಿದೀಯಲ್ಲೋ. ನಡಿ, ಏಣಿ ಹೊರೋಕೆ ಜನ ಸಾಲ್ದು.”

“ಅವನಿಗೆ ಕಿವಿ ಕೇಳಲ್ಲ ಅಂತ ಹೇಳ್ಲಿಲ್ವಾ?” ಎಂದಳು ಗುನಿಲ್ಡ.

“ಏಣಿ ಹೊರೋಕೆ ಕಿವಿ ಯಾಕೆ ಬೇಕು?” ಎಂದ ಗ್ಯಾಮೆಲ್, ವುಲ್ಮರನ ಕೂದಲಿಗೊಂದು ಹಳದಿ ಹೂವಿನ ಕಡ್ಡಿ ಸಿಕ್ಕಿಸಿದ. ಹೀಗೆ ಸ್ಟೀಫನ್ ರಾಜನ ಕೋಟೆಯ ದ್ವಾರಪಾಲಕ ಮಟಿಲ್ಡಾ ದೊರೆಸಾನಿಯ ಸೈನಿಕನಾದ. ಅದಕ್ಕಾಗಿ ಯಾರೂ ಅವನನ್ನು ಒಂದು ಮಾತೂ ಕೇಳಲಿಲ್ಲ.

ಕೋಟೆಯ ಬುಡಕ್ಕೆ ಬಂದಾಗ ಗ್ಯಾಮೆಲ್ ಅವನ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದ. “ನೀನು ಈ ಊರೋನಲ್ವಾ? ಗೋಡೆ ಎಲ್ಲಿ ಮೆತ್ತಗಿದೆ ತೋರ್ಸು!”

ಪಡುವಣ ಮೂಲೆಯ ದಿಮ್ಮಿಗಳು ಗೆದ್ದಲು ಹಿಡಿದು ಹಿಟ್ಟಾಗಿದ್ದವು. ಅವನ್ನು ಬದಲಾಯಿಸಿ ಎಂದು ವುಲ್ಮರ್ ಕಿಲ್ಲೇದಾರನನ್ನು ಗೋಗರೆಯದ ದಿನವಿರಲಿಲ್ಲ. ಅವನು ಆ ಕಡೆ ತಿರುಗಿಯೂ ನೋಡದೆ, ಅಡುಗೆಮನೆಯ ಹಿಂದಿನ ಗೋಡೆಯತ್ತ ಬೆರಳು ಮಾಡಿದ. ಅಲ್ಲಿ ಓಕ್ ಮರದ ಹೊಸ ದಿಮ್ಮಿಗಳಿದ್ದವು. ಮುಖ್ಯವಾಗಿ, ಅಲ್ಲಿ ಎಡ್ಮರ್ ಇರುತ್ತಿದ್ದ. ಗುರುತು ಹಿಡಿದು ಮೇಲೆ ಎಳೆದುಕೊಂಡಾನು ಎಂದು ಆಸೆ.

“ಭೇಷ್!” ಎಂದ ಗ್ಯಾಮೆಲ್. “ಜಾಗ ಗೊತ್ತಿರೋನೇ ಮುಂದೆ ಹತ್ತು!”

ಹೀಗಾಗಿ ಮುತ್ತಿಗೆಯ ಒಂದೇ ಒಂದು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟವನು ವುಲ್ಮರ್. ಅವನ ಹಿಂದೆ ಗ್ಯಾಮೆಲ್, ಗ್ಯಾಮೆಲನ ಹಿಂದೆ ಜಡೆಯಂತೆ ಉಳಿದವರು. ಮೇಲಿನಿಂದ ಕಲ್ಲು, ಕಟ್ಟಿಗೆ, ಒಂದು ಮುರುಕು ಸ್ಟೂಲು ಎಲ್ಲ ಬಿದ್ದವು. ಏಣಿಯ ತುದಿ ತಲುಪಿ ತಲೆ ಎತ್ತಿದಾಗ ಅವನ ಮೂಗಿಗೆ ನೇರವಾಗಿ ಎಡ್ಮರನ ದೊಡ್ಡ ಕಡಾಯಿ. ಕೋಟೆಯಲ್ಲಿ ಸುರಿಯಲು ಕಾದ ಎಣ್ಣೆ ಎಲ್ಲಿತ್ತು? ಸಿಕ್ಕಿದ್ದು ಕುದಿಯುವ ಬಟಾಣಿ ಗಂಜಿ.

“ಎಡ್ಮರ್! ಸುರೀಬೇಡ್ವೋ! ನಾನು ಕಣೋ!”

ಎಡ್ಮರನ ಕಣ್ಣು ಕಡಾಯಿಯಷ್ಟೇ ದೊಡ್ಡದಾದವು. “ಅಯ್ಯೋ, ವುಲ್ಮರ್! ನಿನ್ನ ಹೊರಗಿಟ್ಟಿದ್ದಕ್ಕೆ ಆ ಕಡೆ ಸೇರಿಬಿಟ್ಟೆಯೇನೋ? ಅಷ್ಟೊಂದು ಕೋಪಾನಾ?”

“ಕೈ ಕೊಡೋ ಮೊದಲು!”

ಎಡ್ಮರ್ ಮುನಿಸಿನವನಾದರೂ ಕೆಟ್ಟವನಲ್ಲ. ಕಡಾಯಿಯನ್ನು ಗೋಡೆಯ ಅಂಚಿನಲ್ಲಿಟ್ಟು ಎರಡೂ ಕೈಯಿಂದ ವುಲ್ಮರನ ತೋಳು ಹಿಡಿದು ಎಳೆದ. ಕೆಳಗಿದ್ದ ಗ್ಯಾಮೆಲ್, ತನ್ನ ಕೆಚ್ಚೆದೆಯ ಆಳನ್ನು ವೈರಿಗಳು ಸೆರೆ ಹಿಡಿಯುತ್ತಿದ್ದಾರೆ ಎಂದುಕೊಂಡು ಅವನ ಎರಡೂ ಕಾಲು ಹಿಡಿದು ಕೆಳಗೆ ಎಳೆದ. ಇಬ್ಬರ ನಡುವೆ ವುಲ್ಮರ್ ಒಗೆದ ಬಟ್ಟೆಯಂತೆ ಹಿಂಡಿಹೋದ. ಅವನ ಮೊಣಕೈ ಕಡಾಯಿಗೆ ತಗುಲಿತು. ಕಡಾಯಿ ಬೋರಲಾಯಿತು. ಗಂಜಿ ಇಡೀ ಏಣಿಯನ್ನು ಮೇಲಿನಿಂದ ಕೆಳಗಿನವರೆಗೆ ತೊಳೆದುಕೊಂಡು ಹೋಯಿತು. ಬೊಬ್ಬೆ ಹಾಕುತ್ತ ಸಿಪಾಯಿಗಳು ಉದುರಿದರು, ಏಣಿ ಜಾರಿ ಎರಡು ತುಂಡಾಯಿತು, ವುಲ್ಮರ್ ಕಂದಕದ ಕೆಸರಿಗೆ ಬಿದ್ದ. ಎಡ್ಮರನ ಕೈಯಲ್ಲಿ ಅವನ ಅಂಗಿಯ ತೋಳು ಉಳಿಯಿತು.

ಮುತ್ತಿಗೆ ಹಿಂದೆ ಸರಿಯಿತು. ದೂರದಿಂದ ಎಲ್ಲವನ್ನೂ ಕುದುರೆಯ ಮೇಲೆ ಕೂತು ನೋಡುತ್ತಿದ್ದ ಸರ್ ಪೇಯ್ನ್, ಕೆಸರು ಮೆತ್ತಿದ ವುಲ್ಮರನನ್ನು ಕರೆಸಿದ.

“ಇಡೀ ದಂಡಿನಲ್ಲಿ ಗೋಡೆಯ ತುದಿ ಮುಟ್ಟಿದೋನು ನೀನೊಬ್ನೇ. ಒಬ್ನೇ ಹೋಗಿ ಒಳಗಿನೋರ ಕೈಗೆ ಕೈ ಹಾಕಿದೆಯಲ್ಲ, ಏನ್ ಗುಂಡಿಗೆಯಪ್ಪಾ ನಿಂದು!”

“ತಳ್ಳಿಬಿಟ್ರು, ಬುದ್ಧಿ,” ಎಂದ ವುಲ್ಮರ್. ಹಿಂದಿನಿಂದ ತನ್ನನ್ನು ಮೇಲೆ ತಳ್ಳಿದವರ ಮಾತು ಅವನು ಹೇಳಿದ್ದು.

“ತಳ್ಳಿದ್ರೂ ಬಿಡ್ಲಿಲ್ವಲ್ಲ! ನಿನ್ನಂಥೋನು ನನ್ನ ಹತ್ರಾನೇ ಇರ್ಬೇಕು. ಇವತ್ತಿಂದ ನನ್ನ ಡೇರೆ ಬಾಗ್ಲು ಕಾಯೋನು ನೀನು.”

ವುಲ್ಮರನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೈಗೆ ಈಟಿ ಬಂತು. ಡೇರೆಯ ಬಾಗಿಲಲ್ಲಿ ನಿಂತ. ಬಾಗಿಲು ಬಟ್ಟೆಯದು ಎನ್ನುವುದೊಂದೇ ಹೊಸತು.

ಇತ್ತ ಕೋಟೆಯೊಳಗೆ ಗೆಲುವಿನ ಸಂಭ್ರಮ ಬಹಳ ಹೊತ್ತು ನಿಲ್ಲಲಿಲ್ಲ. ಕಿಲ್ಲೇದಾರ ಫಲ್ಕ್ ಊಟಕ್ಕೆ ಕೂತ. ಊಟ ಬರಲಿಲ್ಲ.

“ಗಂಜಿ ಎಲ್ಲಿ?”

“ಕಂದಕದಲ್ಲಿದೆ, ಧಣಿ,” ಎಂದ ಎಡ್ಮರ್.

“ಬೇರೆ ಮಾಡು.”

“ಉಗ್ರಾಣದಲ್ಲಿದ್ದ ಬಟಾಣಿ ಅಷ್ಟೂ ಕಡಾಯಿಗೆ ಹಾಕಿದ್ದೆ, ಧಣಿ. ಈಗ ಉಳಿದಿರೋದು ಉಪ್ಪು ಮಾತ್ರ.”

ಫಲ್ಕ್ ಶೂರನೇ, ಆದರೆ ಅವನ ಶೌರ್ಯ ಹೊಟ್ಟೆ ತುಂಬಿದ ಮೇಲಿನದು. ಖಾಲಿ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಈಟಿಯ ತುದಿಗೆ ಬಿಳಿ ಬಟ್ಟೆ ಕಟ್ಟಿಸಿದ. ಆ ಯುದ್ಧದಲ್ಲಿ ಅದೇನೂ ಹೊಸದಲ್ಲ; ದೊಡ್ಡವರ ಜಗಳಕ್ಕೆ ಸಾಯುವ ಆತುರ ಯಾರಿಗೂ ಇರಲಿಲ್ಲ. ಮಾತು ಬೇಗನೆ ಮುಗಿಯಿತು. ಕೋಟೆಯವರೆಲ್ಲ ಆಯುಧಗಳ ಸಮೇತ ಮರ್ಯಾದೆಯಿಂದ ಹೆಬ್ಬಾಗಿಲಿನಿಂದ ಹೊರಗೆ ಬರುವುದು. ಕೊನೆಯವನು ಸೇತುವೆ ದಾಟಿದ ಮೇಲೆ ಕೊಂಬು ಊದುವುದು. ಆಗ ಸರ್ ಪೇಯ್ನನ ಜನ ಒಳಗೆ ಹೋಗುವುದು. ಒಳಗೆ ಒಬ್ಬನನ್ನೂ ಬಚ್ಚಿಟ್ಟಿಲ್ಲವೆಂದು ಫಲ್ಕ್ ತನಗೆ ಗೊತ್ತಿದ್ದ ಸಂತರೆಲ್ಲರ ಮೇಲೂ ಆಣೆಯಿಟ್ಟ.

ಇದೊಂದೂ ಡೇರೆಯ ಹತ್ತಿರವಿದ್ದ ವುಲ್ಮರನಿಗೆ ತಿಳಿಯದು. ಅವನಿಗೆ ಕಂಡದ್ದು ಇಷ್ಟೇ: ದಂಡೆಲ್ಲ ಹೆಬ್ಬಾಗಿಲಿನತ್ತ ಹೋಗಿ ಗುಂಪುಗೂಡಿದೆ, ಹಿಂಭಾಗದಲ್ಲಿ ನರಪಿಳ್ಳೆಯಿಲ್ಲ. ಇದಕ್ಕಿಂತ ಒಳ್ಳೆಯ ಸಮಯ ಇನ್ನು ಸಿಗದು. ಈಟಿಯನ್ನು ಡೇರೆಗೆ ಒರಗಿಸಿ, ತಲೆಯ ಹೂವು ಕಿತ್ತೆಸೆದು, ಸೇಬಿನ ಮರಗಳ ಮರೆಯಲ್ಲಿ ಬಗ್ಗಿ ಓಡಿ, ಅಡುಗೆಮನೆಯ ಬಚ್ಚಲು ನೀರು ಹೊರಬರುವ ತೂಬಿನ ಮುಂದೆ ಕೂತ. ತೂಬು ಸಣ್ಣದು, ವುಲ್ಮರ್ ದೊಡ್ಡವನು. ಸೂಜಿಗೆ ಹಗ್ಗ ಪೋಣಿಸಿದ ಹಾಗೆ ತನ್ನನ್ನು ತಾನೇ ಪೋಣಿಸಿಕೊಂಡ. ಹಳೆಯ ಕೋಸಿನೆಲೆ, ಮೀನಿನ ಪೊರೆ, ಈರುಳ್ಳಿ ಸಿಪ್ಪೆ, ಎಡ್ಮರ್ ಮಾಡಿದ ಎಲ್ಲ ಅಡುಗೆಗಳ ಪಳೆಯುಳಿಕೆಗಳ ನಡುವೆ ತೆವಳಿಕೊಂಡು ಕೊನೆಗೂ ಕೋಟೆಯ ಅಂಗಳದಲ್ಲಿ ತಲೆ ಎತ್ತಿದ.

“ಬಂದೆ ಕಣ್ರೋ!” ಎಂದು ಕೂಗಿದ.

ಒಲೆ ಆರಿತ್ತು. ಗೋಡೆಯ ಮೇಲೆ ತರ್ಕಿಲ್ ಇಲ್ಲ. ಕಿಲ್ಲೇದಾರನ ಗೊರಕೆಯೂ ಇಲ್ಲ. ವುಲ್ಮರ್ ಎದೆ ಹಿಡಿದುಕೊಂಡು ಅಂಗಳದ ಮೂಲೆ ತಿರುಗಿದ. ಎದುರಿಗೆ ಕಂಡದ್ದನ್ನು ನೋಡಿ ಅವನ ರಕ್ತ ಕುದಿಯಿತು.

ಹೆಬ್ಬಾಗಿಲು ಹಾರು ಹೊಡೆದಿತ್ತು.

ವೈರಿ, ಭಯ, ಹಸಿವು ಎಲ್ಲ ಮರೆತುಹೋಯಿತು. “ಅರ್ಧ ದಿನ ನಾನಿಲ್ದಿದ್ರೆ ನೋಡು ಇವರ ಅವಸ್ಥೆ! ಹೊರಗೆ ದಂಡು ಬಂದು ಕೂತಿದೆ, ಇವರಿಗೆ ಬಾಗ್ಲು ಹಾಕ್ಬೇಕು ಅನ್ನೋ ಪರಿಜ್ಞಾನಾನೂ ಇಲ್ಲ!” ಎಂದು ಬೈದುಕೊಳ್ಳುತ್ತ ಓಡಿ, ಎರಡೂ ಕದಗಳನ್ನು ದಬ್ಬಿ, ಅಡ್ಡಮರದ ಲಾಳವಂಡಿಗೆ ಎಳೆದು, ಗಾಲಿ ಹಿಡಿದು ಗರಗರನೆ ತಿರುಗಿಸಿದ. ಸೇತುವೆ ಮೇಲೆದ್ದಿತು. ಕೊಂಬಿನ ಸದ್ದು ಕೇಳುತ್ತಲೇ ಅದರ ಮೇಲೆ ಮೊದಲ ಹೆಜ್ಜೆ ಇಟ್ಟಿದ್ದ ಗ್ಯಾಮೆಲ್ ಹಿಮ್ಮುಖವಾಗಿ ಜಾರಿ, ಅಂದು ಎರಡನೆಯ ಸಲ ಕಂದಕ ಸೇರಿದ.

ಹೊರಗೆ ಎರಡೂ ಪಡೆ ಬಾಯಿ ತೆರೆದುಕೊಂಡು ನಿಂತವು.

“ಮೋಸ!” ಎಂದು ಗರ್ಜಿಸಿದ ಸರ್ ಪೇಯ್ನ್. “ಒಳಗೆ ಯಾರೂ ಇಲ್ಲ ಅಂತ ಆಣೆ ಇಟ್ಟೆಯಲ್ಲೋ!”

“ಬುದ್ಧಿ, ಎಲ್ಲಾರೂ ಹೊರಗೇ ಇದೀವಿ. ಹಾಳಾದ್ದು ಬಾಗ್ಲು ಗಾಳಿಗೆ ಮುಚ್ಕೊಂಡಿರ್ಬೇಕು.”

“ಸೇತುವೆನೂ ಗಾಳಿಗೇ ಎದ್ದಿತಾ?”

ಆಗ ಬಾಗಿಲ ಮೇಲಿನ ಗೋಡೆಯಲ್ಲಿ ಒಂದು ತಲೆ ಕಾಣಿಸಿತು. ತಲೆಯ ಮೇಲೊಂದು ಕೋಸಿನೆಲೆ ಇತ್ತು. ಬಚ್ಚಲ ಕೊಳೆ ಮೆತ್ತಿದ ಆ ಮುಖ ತನ್ನ ಡೇರೆ ಕಾಯುವವನದೆಂದು ಸರ್ ಪೇಯ್ನನಿಗೆ ಹೊಳೆಯಲಿಲ್ಲ.

“ವುಲ್ಮರ್!” ಎಂದ ಫಲ್ಕ್. “ಬಾಗ್ಲು ತೆಗಿಯೋ!”

ವುಲ್ಮರ್ ಕೆಳಗೆ ನೋಡಿದ. ತನ್ನವರೆಲ್ಲ ವೈರಿಗಳ ಮಧ್ಯೆ ನಿಂತಿದ್ದರು. ಸುತ್ತ ಈಟಿ, ಕತ್ತಿ. ಅವನಿಗೆ ಎಲ್ಲ ಅರ್ಥವಾಯಿತು, ಅಥವಾ ಆಯಿತೆಂದು ಅನ್ನಿಸಿತು.

“ಹೆದರ್ಬೇಡಿ ಧಣಿ! ನಿಮ್ಮ ಕುತ್ತಿಗೆಗೆ ಕತ್ತಿ ಇಟ್ಟು ಹೇಳಿಸ್ತಿದಾರೆ ಅಂತ ನಂಗೆ ಗೊತ್ತು!”

“ಯಾರೂ ಕತ್ತಿ ಇಟ್ಟಿಲ್ಲ ಕಣೋ ಕತ್ತೆ!”

ತಾಳ್ಮೆ ಕೆಟ್ಟ ಸರ್ ಪೇಯ್ನ್ ಸರ್ರನೆ ಕತ್ತಿ ಎಳೆದು ಫಲ್ಕನ ಕುತ್ತಿಗೆಗೆ ಇಟ್ಟ. “ಈಗ ಇಟ್ಟಿದೀನಿ. ತೆಗೀಲಿಕ್ಕೆ ಹೇಳು.”

“ತೆಗಿಯೋ ವುಲ್ಮರ್!” ಎಂದು ಚೀರಿದ ಫಲ್ಕ್.

“ನೋಡಿದ್ರಾ? ನಾನು ಹೇಳ್ಲಿಲ್ವಾ?” ಎಂದ ವುಲ್ಮರ್.

ಎಡ್ಮರ್ ಕೈ ಮುಗಿದು ಮುಂದೆ ಬಂದ. “ವುಲ್ಮರ್, ನಾವೇ ಒಪ್ಕೊಂಡು ಕೋಟೆ ಬಿಟ್ಟು ಬಂದ್ವಿ ಕಣೋ. ಊಟ ಇಲ್ಲ ಅಂತ!”

“ಅಯ್ಯೋ ಪಾಪ, ಎಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಸಿದಾರೆ!” ಎಂದು ವುಲ್ಮರ್ ಕಣ್ಣೊರೆಸಿಕೊಂಡ. ಆಮೇಲೆ ಅವರಿಗೆ ಧೈರ್ಯ ಬರಲೆಂದು, ಖಾಲಿ ಅಂಗಳದತ್ತ ತಿರುಗಿ ಗಟ್ಟಿಯಾಗಿ ಕೂಗಿದ, “ಎಲ್ಲಾರೂ ಬಿಲ್ಲು ಹಿಡ್ಕೊಳ್ರೋ! ನಾನು ಹೇಳೋವರೆಗೂ ಯಾರೂ ಬಾಣ ಬಿಡ್ಕೂಡ್ದು!”

ಯಾರೂ ಬಿಡಲಿಲ್ಲ. ಅಷ್ಟು ಶಿಸ್ತಿನ ಪಡೆಯನ್ನು ಸರ್ ಪೇಯ್ನ್ ಅದುವರೆಗೆ ಎದುರಿಸಿರಲಿಲ್ಲ. ಒಳಗೆ ಎಷ್ಟು ಜನವಿದ್ದಾರೋ ಎಂದು ಅವನ ಮುಖ ಕಪ್ಪಿಟ್ಟಿತು. ಏಣಿ ಎರಡು ತುಂಡಾಗಿತ್ತು. ಹೊಸದು ಮಾಡಲು ಮರ ಕಡಿಯಿರಿ ಎಂದು ಅಪ್ಪಣೆ ಕೊಟ್ಟ. ಮರ ಉರುಳುವ ಹೊತ್ತಿಗೆ ಹೊತ್ತು ವಾಲಿತು. ಮೂಡಣ ದಿಬ್ಬದ ಮೇಲೆ ಬೇರೆಯೇ ಕೊಂಬು ಕೂಗಿತು. ಸರ್ ವಾರಿನ್ ದಂಡಿನೊಡನೆ ಮನೆಗೆ ಮರಳಿದ್ದ.

ಅಷ್ಟು ಹೊತ್ತಿಗೆ ಕೋಟೆಯೊಳಗೆ ಬೆಚ್ಚಗೆ ಕೂತಿರಬೇಕಿದ್ದ ಸರ್ ಪೇಯ್ನನಿಗೆ ಬಯಲಿನಲ್ಲಿ ಬೆನ್ನು ಕೊಡಲು ಒಂದು ಬೇಲಿಯೂ ಇರಲಿಲ್ಲ. ಅವನ ಜನ ಡೇರೆ, ಕೊಡಲಿ, ಹಳದಿ ಹೂವು ಎಲ್ಲವನ್ನೂ ಬಿಸಾಡಿ ಹೊಳೆ ಹಾರಿದರು. ಗಂಜಿ ಒಣಗಿ ಗಟ್ಟಿಯಾಗಿದ್ದ ಅಂಗಿಗಳಲ್ಲಿ ಓಡುವುದು ಸುಲಭವಲ್ಲ. ಆದರೂ ಚೆನ್ನಾಗಿಯೇ ಓಡಿದರು.

ವುಲ್ಮರ್ ಒಡೆಯನ ಬಾವುಟ ಗುರುತಿಸಿ ಸೇತುವೆ ಇಳಿಸಿದ. ಸರ್ ವಾರಿನ್ ದಡಬಡನೆ ಒಳಗೆ ಬಂದ. ಆತ ಸದಾ ಅವಸರದ ಮನುಷ್ಯ; ಇಳಿಯುವ ಮೊದಲೇ ಮತ್ತೆ ಕುದುರೆ ಹತ್ತಲು ಹಾತೊರೆಯುವವನು, ಯಾರ ಮಾತನ್ನೂ ಅರ್ಧಕ್ಕಿಂತ ಹೆಚ್ಚು ಕೇಳದವನು.

“ಕೋಟೆ ಹಿಡಿದು ನಿಲ್ಸಿದೋರು ಯಾರ್ ಯಾರು?”

“ನಾನೊಬ್ನೇ, ಬುದ್ಧಿ.”

“ಒಬ್ನೇ! ಉಳಿದೋರು?”

ಉಳಿದವರು ಹೊರಗೆ ಏಕಿದ್ದರು ಎಂಬ ಪ್ರಶ್ನೆ ತನ್ನ ಕುತ್ತಿಗೆಗೆ ಸರ್ ಪೇಯ್ನನ ಕತ್ತಿಗಿಂತ ಹತ್ತಿರ ಬರುತ್ತಿದೆ ಎಂದು ಫಲ್ಕನಿಗೆ ಹೊಳೆಯಿತು. ಅವನು ಚಂಗನೆ ಮುಂದೆ ಹಾರಿದ.

“ಎಲ್ಲಾ ನನ್ನ ಉಪಾಯ, ಬುದ್ಧಿ! ನಾವೆಲ್ಲ ಹೊರಗೆ ಬಂದು ವೈರೀನ ಮಾತಲ್ಲಿ ಹಿಡಿದಿಟ್ವಿ. ಒಳಗೆ ಬೇಕೂಂತಲೇ ಇವನೊಬ್ಬನ್ನ ಬಿಟ್ಟಿದ್ವಿ. ಇವನೊಬ್ನಿದ್ರೆ ಇಡೀ ಪಡೆ ಇದ್ದಂಗೆ!”

“ಹೌದು ಬುದ್ಧಿ, ಇಡೀ ಪಡೆ ಇದ್ದಂಗೆ,” ಎಂದ ತರ್ಕಿಲ್.

“ಪಡೆಗಿಂತಾನೂ ಮೇಲು,” ಎಂದ ಎಡ್ಮರ್. ಮಧ್ಯಾಹ್ನದ ಪಾಪ ತೊಳೆದುಕೊಳ್ಳಲು ಇಬ್ಬರಿಗೂ ಇದೇ ಸಮಯವೆನಿಸಿತ್ತು.

ಸರ್ ವಾರಿನ್ ವುಲ್ಮರನ ಹೆಗಲ ಮೇಲೆ ಕೈಯಿಟ್ಟ. ವಾಸನೆ ಬಂದು ಕೈ ತೆಗೆದ. “ಏನ್ ಬೇಕೋ ಕೇಳು. ಕೊಟ್ಟೆ ಅಂದ್ಕೋ.”

ವುಲ್ಮರ್ ಎರಡು ಹೆಜ್ಜೆ ಮುಂದೆ ಬಂದ. ಬದುಕಿನಲ್ಲಿ ಒಂದೇ ಸಲ ಬರುವ ಗಳಿಗೆ. “ಬುದ್ಧಿ... ಈ ಬಾಗ್ಲಿಂದ ನನ್ನನ್ನ... ಹೊಳೆದಂಡೆ ಗುನಿಲ್ಡ ಅಂತ...”

“ಬಾಗ್ಲಿಂದ ನಿನ್ನ ಬಿಡಿಸ್ತಾರೆ ಅಂತ ಭಯಾನಾ?” ಎಂದ ಸರ್ ವಾರಿನ್, ಕಣ್ಣಲ್ಲಿ ನೀರು ತುಂಬಿಕೊಂಡು. “ಎಂಥಾ ನಿಷ್ಠೆ! ನಾನು ಜೀವಂತ ಇರೋವರೆಗೂ ಈ ಬಾಗ್ಲಿಂದ ನಿನ್ನನ್ನ ಯಾರೂ ಅಲ್ಲಾಡ್ಸೋ ಹಂಗಿಲ್ಲ. ಇವತ್ತಿಂದ ಕಿಲ್ಲೇದಾರ ನೀನೇ!” ಆಮೇಲೆ ಫಲ್ಕನ ಕಡೆ ತಿರುಗಿದ. “ಇವನೊಬ್ಬನೇ ಒಂದು ಪಡೆ ಅಂತ ನೀವೇ ಹೇಳ್ತೀರಿ. ಅಲ್ಲಿ ರಾಜನ ದಂಡಿಗೆ ಜನ ಸಾಲ್ದೆ ಒದ್ದಾಡ್ತಿದೀವಿ. ನೀವ್ಯಾಕೆ ಇಲ್ಲಿ ದಂಡಕ್ಕೆ ಕೂತಿದೀರಿ? ಎಲ್ಲಾರೂ ಹೊರಡಿ ನನ್ನ ಜೊತೆ, ಈಗ್ಲೇ! ವುಲ್ಮರ್, ನಾನು ಬರೋವರೆಗೂ ದಂಡು ಕಟ್ಕೊಂಡು ಬಂದೋರು ಯಾರಿಗೂ ಬಾಗ್ಲು ತೆಗೀಬೇಡ.”

ಓಡಿದ ವೈರಿಯ ಬೆನ್ನು ಹತ್ತಿ ದಂಡು ಬಂದ ಹಾಗೆಯೇ ಹೊರಟುಹೋಯಿತು. ಜೊತೆಗೆ ಹಸಿದ ಹೊಟ್ಟೆಯ ಫಲ್ಕ್, ತರ್ಕಿಲ್, ಎಡ್ಮರ್ ಎಲ್ಲರೂ. ಸೇತುವೆ ದಾಟುವಾಗ ಎಡ್ಮರ್ ಹಿಂದಿರುಗಿ ನೋಡಿದ ನೋಟ ನೋಡಿ ವುಲ್ಮರನಿಗೆ ಕರುಳು ಚುರಕ್ಕೆಂದಿತು.

ಕಿಲ್ಲೇದಾರ ವುಲ್ಮರ್ ತನ್ನ ಕೋಟೆಯ ನಡುವೆ ನಿಂತ. ಅಪ್ಪಣೆ ಕೊಡುವವನೂ ಅವನೇ, ಪಾಲಿಸುವವನೂ ಅವನೇ. ಬಾಗಿಲು ಹಾಕು ಎಂದು ತನಗೇ ಹೇಳಿಕೊಂಡು, ಹೋಗಿ ಹಾಕಿದ. ಬಾವಿಯ ನೀರು ಸೇದಿ ಮೈಮೇಲೆ ಸುರಿದುಕೊಂಡ. ಹೊಳೆದಂಡೆ ಈಗ ಅವನಿಗೆ ಫ್ರಾನ್ಸ್ ದೇಶದಷ್ಟು ದೂರ ಕಂಡಿತು.

ಆಗ ಹೊರಗೆ ಗಾಡಿಯ ಚಕ್ರದ ಕಿರ್ರೆನ್ನುವ ಸದ್ದು. ಗೋಡೆಯ ಮೇಲಿಂದ ಬಗ್ಗಿ ನೋಡಿದ. ಗುನಿಲ್ಡ! ಗಾಡಿಯಲ್ಲಿ ತಾಮ್ರದ ಹಂಡೆ, ಪೀಪಾಯಿಗಳು, ಜವೆಯ ಮೂಟೆಗಳು. ಹಿಂದೆ ಕಟ್ಟಿದ ಒಂದು ಮೇಕೆ.

“ನಿನ್ನ ದಿಬ್ಬಣದೋರು ಬಿಯರೂ ಮುಗಿಸಿದ್ರು, ಓಡೋವಾಗ ನನ್ನ ಮನೆ ಗೋಡೆನೂ ಬೀಳಿಸಿದ್ರು,” ಎಂದಳು. “ಸೇತುವೆ ಇಳ್ಸು.”

“ದಂಡು ಬಂದ್ರೆ ತೆಗೀಬೇಡ ಅಂತ ಒಡೆಯರ ಅಪ್ಪಣೆ,” ಎಂದ ವುಲ್ಮರ್. ಅವನ ದನಿಯಲ್ಲಿ ಅಪ್ಪಣೆಗಿಂತ ಆಸೆಯೇ ಹೆಚ್ಚಿತ್ತು. “ನಿಂಜೊತೆ ಯಾರ್ಯಾರಿದಾರೆ?”

“ಮೇಕೆ ಇದೆ.”

ಕಿಲ್ಲೇದಾರ ಯೋಚಿಸಿದ. “ಆದ್ರೆ ಗುನಿಲ್ಡ, ನಂಗೆ ಬಿಡುಗಡೆ ಸಿಗ್ಲಿಲ್ಲ ಕಣೇ. ಇನ್ನು ಜೀವನ ಪೂರ್ತಿ ಇದೇ ಬಾಗ್ಲು.”

“ಗೊತ್ತಾಯ್ತು. ದಾರೀಲಿ ಎಡ್ಮರ್ ಸಿಕ್ಕಿದ್ದ, ಅಳ್ತಾ ಎಲ್ಲಾ ಹೇಳ್ದ.” ಗುನಿಲ್ಡ ತಲೆ ಎತ್ತಿ ಕೋಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಅಳೆದಳು. “ಬಾಗ್ಲಾಚೆ ನಿಂತು ಸಂಸಾರ ಮಾಡಲ್ಲ ಅಂದಿದ್ದೆ. ಬಾಗ್ಲೊಳಗೆ ಮಾಡಲ್ಲ ಅಂದಿದ್ನಾ? ಒಳಗೆ ನೆಲಮಾಳಿಗೆ ಇದೆಯಾ?”

“ಇದೆ. ತಂಪಾಗಿದೆ. ಖಾಲಿ ಬಿದ್ದಿದೆ.”

“ಬಾವಿ?”

“ಸಿಹಿನೀರು.”

“ಮತ್ತೆ ಇನ್ನೇನೋ ನೋಡ್ತಾ ನಿಂತಿದೀಯ?”

ವುಲ್ಮರ್ ಗಾಲಿ ತಿರುಗಿಸಿದ. ಬದುಕಿನಲ್ಲಿ ಅಷ್ಟು ವೇಗವಾಗಿ ಆ ಸೇತುವೆ ಎಂದೂ ಇಳಿದಿರಲಿಲ್ಲ.

ಭಾನುವಾರ ಇಗರ್ಜಿಯ ಪಾದ್ರಿ ಕೋಟೆಗೇ ಬಂದು ಮದುವೆ ಮಾಡಿಸಿದ. ಹಂಡೆ ನೆಲಮಾಳಿಗೆ ಸೇರಿತು. ಬಿಯರು ಹದಕ್ಕೆ ಬಂದ ದಿನ ಗುನಿಲ್ಡ, ಬಿಯರು ಸಿಗುತ್ತದೆ ಎಂಬುದರ ಗುರುತಾಗಿ, ಹಸಿರು ಸೊಪ್ಪಿನ ಕಟ್ಟೊಂದನ್ನು ಗಳುವಿಗೆ ಕಟ್ಟಿ ಹೆಬ್ಬಾಗಿಲ ಮೇಲೆ ನೆಟ್ಟಳು. ಅದನ್ನು ಕಂಡ ಕೂಡಲೇ ಕುರುಬರು, ಗಾಡಿಯವರು, ಗಿರಣಿಯವನು, ಬಾಯಾರಿದ ದಾರಿಹೋಕರು ದಿಬ್ಬ ಹತ್ತತೊಡಗಿದರು. ಬರುವವರು ಒಟ್ಟಿಗೆ ಬರುತ್ತಿರಲಿಲ್ಲ, ಹೋಗುವವರು ಒಟ್ಟಿಗೆ ಹೋಗುತ್ತಿರಲಿಲ್ಲ. ಒಬ್ಬನಿಗೆ ಇಳಿಸಿ ಎತ್ತುವಷ್ಟರಲ್ಲಿ ಇನ್ನೊಬ್ಬ ಆಚೆಯಿಂದ ಕೂಗುತ್ತಿದ್ದ. ಮೊದಲು ದಿನಕ್ಕೊಂದೆರಡು ಸಲ ತಿರುಗುತ್ತಿದ್ದ ಗಾಲಿಗೆ ಈಗ ಉಸಿರಾಡಲು ಬಿಡುವಿಲ್ಲ.

“ವುಲ್ಮರ್, ಬಾಗ್ಲು!” ಎಂದು ನೆಲಮಾಳಿಗೆಯಿಂದ ಗುನಿಲ್ಡಳ ದನಿ ಬಂತು.

“ಬಂದೆ, ಬಂದೆ,” ಎಂದು ಕಿಲ್ಲೇದಾರ ಅರ್ಧ ಕುಡಿದ ಹೂಜಿ ಕೆಳಗಿಟ್ಟು, ನಗುತ್ತಲೇ ಓಡಿದ.